ಸಕ್ಕರೆ ಡಬ್ಬಿಯ ಯಜಮಾನಿಕೆ

ಸುಳ್ಳು ಹೇಳಬಾರದು ಎಂದು ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಹೇಳಿಕೊಂಡು ಬಂದವಳು ನಾನು. ಅಂಥವಳು ಸುಮಾರು ಎಂಟು ತಿಂಗಳ ಕಾಲ, ದಿನಕ್ಕೆ ಎರಡು ಹೊತ್ತು, ತಪ್ಪದೆ ಒಂದು ಸುಳ್ಳು ಹೇಳಿದೆ. ಬಾಯಿಂದ ಅಲ್ಲ, ಚಮಚದಿಂದ. ಅತ್ತೆಯವರ ಕಾಫಿ ಲೋಟಕ್ಕೆ ಬರಿಯ ಚಮಚ ಇಳಿಸಿ ಟಿಣ್ ಟಿಣ್ ಎಂದು ಕಲಕುತ್ತಿದ್ದೆ. ಅವರು ಜಗಲಿಯಲ್ಲಿ ಕುಳಿತು ಆ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದರು. ಲೋಟ ಕೈಗೆ ಬಂದಾಗ ಒಂದು ಗುಟುಕು ಕುಡಿದು ನನ್ನ ಮುಖ ನೋಡುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು, ಶಾಲೆಗೆ ಹೊತ್ತಾಯಿತು ಎಂದು ಒಳಗೆ ಹೋಗಿಬಿಡುತ್ತಿದ್ದೆ.

ಒಮ್ಮೆಲೇ ಮಾಡಿದ್ದಲ್ಲ. ಲೋಟಕ್ಕೆ ಎರಡು ಚಮಚ ಇದ್ದದ್ದನ್ನು ಮೊದಲು ಒಂದೂವರೆಗೆ ತಂದೆ. ಹದಿನೈದು ದಿನ ಬಿಟ್ಟು ಒಂದಕ್ಕೆ. ಆಮೇಲೆ ಮುಕ್ಕಾಲು, ಅರ್ಧ, ಕಾಲು. ನಾಲಿಗೆ ಬಹಳ ವಿಧೇಯ ವಿದ್ಯಾರ್ಥಿ, ಅವಸರ ಮಾಡದೆ ಕಲಿಸಿದರೆ ಏನನ್ನಾದರೂ ಕಲಿಯುತ್ತದೆ. ಕೊನೆಗೆ ಆ ಕಾಲು ಚಮಚವೂ ಹೋಗಿ ಉಳಿದದ್ದು ಕಲಕುವ ಸದ್ದು ಮಾತ್ರ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಸ್ಟಾಫ್ ರೂಮಿನಲ್ಲಿ ಗೆಳತಿಯರಿಗೆ ಹೇಳಿ ನಗಿಸಿದ್ದೂ ಉಂಟು.

ಅತ್ತೆಯವರಿಗೆ ಎಂಬತ್ತೊಂದು ವರ್ಷ. ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಯಿತು. ಅವರು ಹುಟ್ಟಿದ್ದೂ ಸೇರಿದ್ದೂ ಸಾಗರದ ಸೀಮೆಯಲ್ಲೇ, ಎರಡೂ ಕಬ್ಬು ಬೆಳೆಯುವ ಮನೆಗಳು. ನಮ್ಮ ಕಡೆಯ ಆಲೆಮನೆಯನ್ನು ನೋಡಿದವರಿಗೆ ನಾನು ಹೇಳಬೇಕಾದ್ದಿಲ್ಲ. ನೋಡದವರಿಗೆ ಎಷ್ಟು ಹೇಳಿದರೂ ಕಡಿಮೆಯೇ. ಸಂಕ್ರಾಂತಿಯ ಆಸುಪಾಸಿನಲ್ಲಿ ಗಾಣ ಹೂಡಿದರೆಂದರೆ ಊರಿಗೆ ಊರೇ ಅಲ್ಲಿ. ಮೊದಲು ಕೋಣ ಕಟ್ಟಿ ತಿರುಗಿಸುತ್ತಿದ್ದರು, ಈಗ ಯಂತ್ರ. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನಹಾಲು ಕುದಿಯುವ ವಾಸನೆ, ಬಂದವರಿಗೆಲ್ಲ ಬೇಕಾದಷ್ಟು ಹಾಲು, ಜತೆಗೆ ಖಾರ ಮಂಡಕ್ಕಿ. ದುಡ್ಡಿನ ಮಾತೇ ಇಲ್ಲ. ವರ್ಷಕ್ಕಾಗುವಷ್ಟು ಜೋನಿಬೆಲ್ಲವನ್ನು ಡಬ್ಬಕ್ಕೆ ತುಂಬಿಡುವುದು. ದೋಸೆಗೆ ಅದು, ಎಳ್ಳುನೀರಿಗೆ ಅದು, ಬಂದವರಿಗೆ ಆಸರಿಗೆ ಅದು. ಹುಳಿ, ಸಾರು, ಪಲ್ಯ ಯಾವುದಕ್ಕೇ ಆಗಲಿ ಒಂದು ಚೂರು ಬೆಲ್ಲ ಬೀಳದಿದ್ದರೆ ‘ಅಡಿಗೆ ಮಾಡಿದವಳಿಗೆ ಇವತ್ತು ಯಾರ ಮೇಲೆ ಸಿಟ್ಟು?’ ಎಂದು ಕೇಳುವ ಸೀಮೆ ನಮ್ಮದು. ಇಂಥಲ್ಲಿ ಒಬ್ಬರಿಗೆ ಸಿಹಿ ಇಲ್ಲ ಎನ್ನುವುದೆಂದರೆ ಅವರನ್ನು ಪಂಕ್ತಿಯಿಂದ ಎಬ್ಬಿಸಿದಂತೆ.

ಹಾಗೆಂದು ನಾನು ಸುಮ್ಮನೆ ಕಟ್ಟುನಿಟ್ಟಿಗೆ ಇಳಿದವಳೂ ಅಲ್ಲ. ಎರಡು ವರ್ಷದ ಹಿಂದೆ ಹಿತ್ತಲಿನಲ್ಲಿ ಅತ್ತೆಯವರ ಪಾದಕ್ಕೆ ನಿಂಬೆಮುಳ್ಳು ಚುಚ್ಚಿತು. ನಮಗೆ ನಿಮಗೆ ಆದರೆ ಮೂರನೆಯ ದಿನಕ್ಕೆ ಮರೆತುಹೋಗುವ ಗಾಯ. ಅವರಿಗೆ ಅದು ಮಾಯಲು ಎರಡೂವರೆ ತಿಂಗಳು ಬೇಕಾಯಿತು. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಪಟ್ಟಿ ಬಿಚ್ಚಿ, ತೊಳೆದು, ಮುಲಾಮು ಹಚ್ಚಿ ಮತ್ತೆ ಕಟ್ಟುತ್ತಿದ್ದೆ. ಗಾಯದ ಅಂಚು ಕಪ್ಪಾಗುತ್ತಿದೆಯೇ ಎಂದು ದಿನವೂ ನೋಡುವುದು, ಮೂಗಿನ ಹತ್ತಿರ ಹಿಡಿದು ವಾಸನೆ ನೋಡುವುದು. ಅವರ ತಂಗಿಗೆ ಇದೇ ಕಾಯಿಲೆಯಿಂದ ಎರಡು ಬೆರಳು ತೆಗೆಸಬೇಕಾಗಿ ಬಂದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಗಾಯ ಮಾದ ದಿನ ನಾನು ದೇವರಿಗೆ ತುಪ್ಪದ ದೀಪ ಹಚ್ಚಿ, ಇನ್ನು ಮುಂದೆ ಈ ಮನೆಯ ಅಡಿಗೆ ಬೇರೆ ಎಂದು ನಿಶ್ಚಯ ಮಾಡಿದೆ.

‘ಅಮ್ಮಂಗೆ ಇನ್ನೆಷ್ಟು ದಿನ, ಇಷ್ಟಪಟ್ಟದ್ದು ಕೊಡು’ ಎಂದು ನಮ್ಮ ಯಜಮಾನರು ಧಾರಾಳವಾಗಿ ಹೇಳುತ್ತಿದ್ದರು. ಪಟ್ಟಿ ಬಿಚ್ಚದವರಿಗೆ ಧಾರಾಳತನ ಸುಲಭ. ಈ ಮಾತನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ತಲೆದೂಗುತ್ತೀರಿ ಎಂದು ನನಗೆ ಗೊತ್ತು.

ಬೇರೆ ಅಡಿಗೆ ಎಂದರೆ ಹೊಸದೇನೂ ಅಲ್ಲ, ಮರೆತದ್ದೇ. ಹಿತ್ತಲಿನ ಒಂದೆಲಗ, ದೊಡ್ಡಪತ್ರೆ, ಬಸಳೆ, ಬಾಳೆದಿಂಡು, ಕೆಂಪಕ್ಕಿ, ಹುರುಳಿ, ರಾಗಿ. ತಂಬುಳಿ ಮಾಡಲು ಹತ್ತು ನಿಮಿಷ ಸಾಕು. ಒಂದು ಮುಷ್ಟಿ ಒಂದೆಲಗವನ್ನು ಬೇರುಸಹಿತ ತೊಳೆದು, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿದು, ಒಂದು ಹಿಡಿ ತೆಂಗಿನತುರಿಯ ಜತೆ ನುಣ್ಣಗೆ ಬೀಸಿ ಮಜ್ಜಿಗೆಗೆ ಕದಡಿದರಾಯಿತು. ದೊಡ್ಡಪತ್ರೆಯಾದರೆ ಎಲೆಯನ್ನು ಸ್ವಲ್ಪ ಬಾಡಿಸಿಕೊಳ್ಳಬೇಕು, ಹಸಿದಾಗಿ ಬೀಸಿದರೆ ಘಾಟು. ಬೆಂಗಳೂರಿನಲ್ಲಿರುವ ನನ್ನ ಮಗಳಿಗೆ ಹಾಲು ಮಜ್ಜಿಗೆ ಒಗ್ಗುವುದಿಲ್ಲ. ಅವಳು ಬಂದಾಗ ಮಜ್ಜಿಗೆಯ ಬದಲು ತೆಂಗಿನಹಾಲು ತೆಗೆದು, ಮುರುಗಲ ಸಿಪ್ಪೆ ನೆನೆಸಿದ ನೀರಿನಿಂದ ಹುಳಿ ಕೊಡುತ್ತೇನೆ. ಬಣ್ಣ ಸ್ವಲ್ಪ ವಿಚಿತ್ರವಾಗುತ್ತದೆ, ರುಚಿಗೆ ಮೋಸವಿಲ್ಲ. ಬಾಳೆದಿಂಡನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚುವಾಗ ಬರುವ ನಾರನ್ನು ತೋರುಬೆರಳಿಗೆ ಸುತ್ತಿ ತೆಗೆದು, ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕಿ, ಸಣ್ಣಗೆ ಕೊಚ್ಚಿ, ನೆನೆಸಿದ ಹೆಸರುಬೇಳೆ, ಕಾಯಿತುರಿ, ನಿಂಬೆರಸ ಕೂಡಿಸಿದರೆ ಒಳ್ಳೆಯ ಕೋಸಂಬರಿ. ಹುರುಳಿ ಬೇಯಿಸಿದ ಕಟ್ಟಿನ ಸಾರು. ರಾಗಿಹಿಟ್ಟನ್ನು ರಾತ್ರಿಯೇ ನೀರಿನಲ್ಲಿ ಕಲಸಿಟ್ಟು ಬೆಳಿಗ್ಗೆ ಕುದಿಸಿದ, ತುಸು ಹುಳಿ ಬಂದ ಅಂಬಲಿ.

ಇವೆಲ್ಲದರಿಂದ ಬೆಲ್ಲದ ಚೂರನ್ನು ತೆಗೆದೆ. ಮೊದಲು ಕಂಡುಹಿಡಿದದ್ದು ಅತ್ತೆಯವರಲ್ಲ, ಅವರ ಮಗ.

ಪಕ್ಕದ ಮನೆಯವರು ‘ಸಕ್ಕರೆ ಬಿಡಿಸಿ, ಬೆಲ್ಲ ಆದೀತು’ ಎಂದು ಸಲಹೆ ಕೊಟ್ಟರು. ಈ ನಂಬಿಕೆ ನಮ್ಮ ಹೆಂಗಸರಲ್ಲಿ ಬಹಳ ಗಟ್ಟಿ. ಬೆಲ್ಲದಲ್ಲಿ ಅಷ್ಟಿಷ್ಟು ಖನಿಜಾಂಶವಿದೆ ನಿಜ, ಆದರೆ ಅದರ ಬಹುಪಾಲು ಸಕ್ಕರೆಯಲ್ಲಿರುವ ಪದಾರ್ಥವೇ. ರಕ್ತಕ್ಕೆ ಹೋದಮೇಲೆ ಅದು ಬಿಳಿಯದೋ ಕಂದೋ ಎಂದು ಯಾರೂ ಕೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ, ಮೇಲಿನಿಂದ ಹಾಕಿಕೊಳ್ಳುವ ಸಕ್ಕರೆ, ಬೆಲ್ಲ, ಜೇನುತುಪ್ಪ ಎಲ್ಲ ಸೇರಿ ಆರೋಗ್ಯವಂತರಿಗೂ ದಿನಕ್ಕೆ 25 ಗ್ರಾಂ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಎಂದರೆ ಸಣ್ಣ ಚಮಚದಲ್ಲಿ ಆರು. ನಮ್ಮ ಕಡೆ ಒಂದು ದೋಸೆಯ ಮೇಲೆ ಹರಿಯುವ ಜೋನಿಬೆಲ್ಲವೇ ಅಷ್ಟಿರುತ್ತದೆ.

ಅತ್ತೆಯವರಿಗೆ ಈ ಅಡಿಗೆಯಿಂದ ಉಪಕಾರವಾಯಿತು ಎನ್ನುವುದನ್ನು ಮುಚ್ಚಿಡಬಾರದು. ವಯಸ್ಸಾದವರ ದೊಡ್ಡ ಗೋಳು ಸಕ್ಕರೆ ಕಾಯಿಲೆಯಲ್ಲ, ಮಲಬದ್ಧತೆ. ಅದನ್ನು ಯಾರೂ ಪ್ರಬಂಧದಲ್ಲಿ ಬರೆಯುವುದಿಲ್ಲ, ಆದರೆ ಮನೆಯಲ್ಲಿ ಬೆಳಗಿನ ಹೊತ್ತೆಲ್ಲ ಅದರ ಸುತ್ತಲೇ ತಿರುಗುತ್ತದೆ. ನಾರು ನಮಗೆ ಜೀರ್ಣವಾಗದೆ ದೊಡ್ಡ ಕರುಳಿನವರೆಗೆ ಇಳಿದುಹೋಗುತ್ತದೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಅದನ್ನು ತಿಂದು ಬದುಕುತ್ತವೆ, ಬದುಕಿ ಕರುಳಿನ ಗೋಡೆಗೆ ಬೇಕಾದ ಆಮ್ಲಗಳನ್ನು ಮಾಡಿಕೊಡುತ್ತವೆ. ಅನ್ನ ಬೇಯಿಸಿ ತಣಿಸಿದರೆ ಅದರ ಪಿಷ್ಟದಲ್ಲಿ ಸ್ವಲ್ಪ ಭಾಗ ಹೀಗೆಯೇ ಜೀರ್ಣವಾಗದ ರೂಪಕ್ಕೆ ತಿರುಗಿ ಅವಕ್ಕೆ ಆಹಾರವಾಗುತ್ತದೆ. ಇದನ್ನೆಲ್ಲ ಮಗಳು ಫೋನಿನಲ್ಲಿ ವಿವರಿಸಿದಳು, ನಾನು ತರಗತಿಯಲ್ಲಿ ಹೇಳುವಂತೆ ಅತ್ತೆಯವರಿಗೆ ಹೇಳಿದೆ. ‘ನಮ್ಮ ಹೊಟ್ಟೆಯೊಳಗೂ ಆಳುಮಕ್ಕಳಿದ್ದಾರೆ ಅನ್ನು. ಅವರಿಗೂ ಊಟಕ್ಕಿಕ್ಕಬೇಕು’ ಎಂದರು. ಎರಡು ವಾರದಲ್ಲಿ ಅವರೇ ‘ಅದೊಂದು ಸುಖ ಆಯ್ತು ಮಾರಾಯ್ತಿ’ ಎಂದು ಒಪ್ಪಿಕೊಂಡರು.

ಆ ಉತ್ಸಾಹದಲ್ಲೇ ನಾನು ತಂಗಳನ್ನಕ್ಕೆ ಕೈಹಾಕಿದ್ದು. ಕೆಂಪಕ್ಕಿ ಅನ್ನಕ್ಕೆ ರಾತ್ರಿ ನೀರು ಹಾಕಿಟ್ಟು, ಬೆಳಿಗ್ಗೆ ಕಿವುಚಿ, ಮಜ್ಜಿಗೆ, ಉಪ್ಪು, ಜಜ್ಜಿದ ಶುಂಠಿ ಹಾಕಿ, ಬಟ್ಟಲಲ್ಲಿ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ. ಇದು ಹೊಟ್ಟೆಗೆ ಎಷ್ಟು ಒಳ್ಳೆಯದು, ಪೇಟೆಯವರೆಲ್ಲ ಈಗ ಇದನ್ನೇ ಹುಡುಕಿಕೊಂಡು ಹೋಗುತ್ತಿದ್ದಾರೆ ಎಂದೆಲ್ಲ ಹೇಳಿದೆ. ಅತ್ತೆಯವರು ಬಟ್ಟಲನ್ನು ನೋಡಿದರು. ಬಹಳ ಹೊತ್ತು ನೋಡಿದರು.

‘ಹದಿನೇಳನೇ ವರ್ಷಕ್ಕೆ ಈ ಮನೆಗೆ ಬಂದೆ. ಗಂಡಸರಿಗೆ ಬಿಸಿ ದೋಸೆ, ಜೋನಿಬೆಲ್ಲ, ತುಪ್ಪ. ಸೊಸೆಯಂದಿರಿಗೆ ಹಿಂದಿನ ದಿನದ ತಂಗಳು. ನಮ್ಮ ಅತ್ತೆ ಬೆಲ್ಲದ ಡಬ್ಬದ ಕೋಣೆಗೆ ಬೀಗ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ತಿದ್ರು. ಪಾಯಸದ ಪಾತ್ರೆ ತೊಳೆಯೋಕೆ ಬಂದಾಗ ತಳ ಕೆರೆದು ತಿನ್ನೋದು, ಅದೇ ನಮಗೆ ಹಬ್ಬ. ಆಗ ಅತ್ತೆ ಕೊಟ್ಟಿದ್ದನ್ನ ಈಗ ಸೊಸೆ ಕೊಡ್ತಾ ಇದ್ದಾಳೆ’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬಟ್ಟಲು ಎತ್ತಿಕೊಂಡು ಪೂರ್ತಿ ಕುಡಿದರು.

ನಾನು ಏನು ಹೇಳಲಿ? ಅದರಲ್ಲಿರುವ ಸತ್ವದ ಬಗ್ಗೆ ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಒಂದೇ ಬಟ್ಟಲಿನ ತಂಗಳು ನನ್ನ ಮಗಳಿಗೆ ಆರೋಗ್ಯ, ಅತ್ತೆಯವರಿಗೆ ಹಳೆಯ ಅವಮಾನ. ನಮ್ಮ ಅಂಗಳದ ಮೂಲೆಯಲ್ಲಿ ಕೂತು ಇದೇ ಗಂಜಿ, ಇದೇ ತಂಗಳು ಉಂಡು ತೋಟಕ್ಕೆ ಹೋಗುತ್ತಿದ್ದ ಆಳುಗಳ ಮಾತಂತೂ ಬಿಡಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ನಮ್ಮ ಶಾಲೆಯಲ್ಲೂ ಭಾಷಣ ಸ್ಪರ್ಧೆ ನಡೆಯಿತು. ರಾಗಿಯ ಮಹಿಮೆ ಹೇಳಿ ಬಹುಮಾನ ಪಡೆದ ಹುಡುಗಿ ಅಕ್ಕಿ ಉಣ್ಣುವ ಮನೆಯವಳು. ಹಿಂದಿನ ಬೆಂಚಿನಲ್ಲಿ, ಬಯಲುಸೀಮೆಯಿಂದ ಕೂಲಿಗೆ ಬಂದ ಮನೆಯ ಹುಡುಗನೊಬ್ಬ, ದಿನಾ ಮುದ್ದೆ ಉಂಡು ಬರುವವನು, ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಆ ವಿಷಯದಲ್ಲಿ ಮಾತಾಡಬಹುದು ಎಂದು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಒಂದು ಊಟ ತಾನಾಗಿ ಆರಿಸಿಕೊಂಡದ್ದೋ, ಬೇರೆಯವರು ಇಕ್ಕಿದ್ದೋ ಎನ್ನುವುದರಿಂದ ಅದರ ರುಚಿಯೇ ಬದಲಾಗುತ್ತದೇನೋ.

ಇಷ್ಟಾದರೂ ನಾನು ಕಾಫಿಯ ಸುಳ್ಳನ್ನು ನಿಲ್ಲಿಸಲಿಲ್ಲ.

ಫೆಬ್ರವರಿ ಕೊನೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ. ಇಳಿಯಬೇಕಾದ ಅಂಕಿ ಏರಿತ್ತು! ನಾನು ಪೆಚ್ಚಾದೆ. ತರಗತಿಯಲ್ಲಿ ಎಲ್ಲ ಪಾಠ ಮುಗಿಸಿ, ಪುನರಾವರ್ತನೆಯನ್ನೂ ಮಾಡಿಸಿ, ಆಮೇಲೆ ಫಲಿತಾಂಶ ಬಂದಾಗ ಫೇಲಾದ ಹಾಗೆ. ‘ಪಥ್ಯ ಸರಿಯಾಗಿ ನಡೀತಿದೆಯಾ?’ ಎಂದು ವೈದ್ಯರು ಕೇಳಿದರು. ‘ಎಂದಿನ ಹಾಗೇ ಇದೆ’ ಎಂದೆ ನಾನು. ‘ಸೊಸೆ ಕೊಟ್ಟಷ್ಟೇ’ ಎಂದರು ಅತ್ತೆಯವರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ವೈದ್ಯರು ಮಾತ್ರೆಯ ಪ್ರಮಾಣ ಹೆಚ್ಚಿಸಿದರು.

ಮಾರ್ಚಿಯಲ್ಲಿ ಒಂದು ಭಾನುವಾರ ಅತ್ತೆಯವರ ಕೋಣೆ ಗುಡಿಸುತ್ತಿದ್ದಾಗ ಗೋಡೆಯ ಬುಡದಲ್ಲಿ ಕೆಂಪಿರುವೆಯ ಸಾಲು ಕಂಡಿತು. ಹಿಂಬಾಲಿಸಿದೆ. ಸಾಲು ಮಂಚದ ಕೆಳಗೆ ಹೋಗಿ, ಟ್ರಂಕು ಹತ್ತಿ, ಮುಚ್ಚಳದ ಸಂದಿಯಲ್ಲಿ ಇಳಿದಿತ್ತು. ಟ್ರಂಕಿನಲ್ಲಿ ಅವರ ಮದುವೆಯ ಸೀರೆಯ ಕೆಳಗೆ ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಅರ್ಧದಷ್ಟು ತೊಡದೇವು, ಒಂದು ಅಚ್ಚು ಬೆಲ್ಲ. ತೊಡದೇವು ಎಂದರೆ ಮಡಕೆಯನ್ನು ಬೋರಲು ಹಾಕಿ ಕಾಯಿಸಿ, ಕಬ್ಬಿನಹಾಲಿನಲ್ಲಿ ಕದಡಿದ ಅಕ್ಕಿಹಿಟ್ಟನ್ನು ಬಟ್ಟೆಯಿಂದ ಎಳೆದು, ಕಾಗದಕ್ಕಿಂತ ತೆಳ್ಳಗೆ ಎಬ್ಬಿಸಿ ಮಡಿಸುವ ತಿಂಡಿ. ಆಲೆಮನೆಯ ಕಾಲದಲ್ಲಿ ನಾದಿನಿ ಬಂದಾಗ ತಂದುಕೊಟ್ಟು ಹೋಗಿದ್ದಳು.

ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. ನನ್ನ ಕೈಯಲ್ಲಿ ಡಬ್ಬಿ. ನಾನು ಆ ನೋಟವನ್ನು ಎಷ್ಟೋ ಸಲ ಕಂಡಿದ್ದೇನೆ. ಚೀಲ ಪರೀಕ್ಷೆ ಮಾಡುವಾಗ ಐದನೆಯ ತರಗತಿಯ ಮಕ್ಕಳ ಕಣ್ಣಿನಲ್ಲಿ. ಎಂಬತ್ತು ದಾಟಿದ ಮುಖದಲ್ಲಿ ಕಂಡದ್ದು ಅದೇ ಮೊದಲು. ನಾನು ಒಂದು ಮಾತೂ ಆಡದೆ ಡಬ್ಬಿ ತೆಗೆದುಕೊಂಡು ಹೋಗಿ ಕೊಟ್ಟಿಗೆಯ ಕೆಲಸದವಳಿಗೆ ಕೊಟ್ಟುಬಿಟ್ಟೆ. ಬೈಯಲಿಲ್ಲವಲ್ಲ, ದೊಡ್ಡ ಸಮಾಧಾನ ತೋರಿಸಿದೆ ಎಂದು ಅಂದುಕೊಂಡೆ. ಮನೆಯಲ್ಲಿ ಬೇರೆ ಯಾರಿಗೂ ಹೇಳಲಿಲ್ಲ. ವೈದ್ಯರಿಗೂ ಹೇಳಲಿಲ್ಲ.

ಐದನೆಯ ದಿನ ಬೆಳಗಿನ ಜಾವ ನಾಲ್ಕೂವರೆಗೆ ಅವರ ಕೋಣೆಯಿಂದ ನರಳುವ ಸದ್ದು ಬಂತು. ಹೋಗಿ ನೋಡಿದರೆ ಮೈಯೆಲ್ಲ ಬೆವರಿ ಸೀರೆ ಒದ್ದೆ, ಕೈ ಗಡಗಡ ನಡುಗುತ್ತಿದೆ, ಕಣ್ಣು ಬಿಟ್ಟಿದ್ದಾರೆ ಆದರೆ ನನ್ನ ಗುರುತಿಲ್ಲ. ‘ಅತ್ತೇ, ನಾ ತೆಗೀಲಿಲ್ಲ’ ಎನ್ನುತ್ತಿದ್ದರು. ‘ಅತ್ತೇ, ದೇವರಾಣೆ, ನಾ ಮುಟ್ಟಲಿಲ್ಲ.’ ನಾನು ಅತ್ತೆಯಲ್ಲ, ನಿಮ್ಮ ಸೊಸೆ ಎಂದು ಹೇಳಬೇಕೆಂದರೆ ಬಾಯಿ ಬರಲಿಲ್ಲ. ಬೆರಳು ಚುಚ್ಚಿ ನೋಡಿದರೆ 48.

ಅಡಿಗೆಮನೆಗೆ ಓಡಿದೆ. ಸಕ್ಕರೆ ಡಬ್ಬಿಯನ್ನು ನಾನೇ ಮೇಲಿನ ಅಟ್ಟಣಿಗೆಯಲ್ಲಿ ಬಚ್ಚಿಟ್ಟಿದ್ದೆ. ಸ್ಟೂಲು ಹಾಕಿಕೊಂಡು ಹತ್ತಿ, ಇಳಿಸಿ, ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಹಾಕಿ ಕಲಕಿದೆ. ಎಂಟು ತಿಂಗಳಲ್ಲಿ ಅವರಿಗಾಗಿ ನಾನು ನಿಜವಾಗಿ ಸಕ್ಕರೆ ಕಲಕಿದ್ದು ಅದೇ. ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ನೋಡಿದಾಗ 81. ನಡುಕ ನಿಂತಿತ್ತು. ‘ಏನಾಯ್ತೇ ಕೂಸೇ, ಯಾಕೆ ಅಳ್ತಿದ್ದೀ?’ ಎಂದರು.

ವೈದ್ಯರ ಮುಂದೆ ಇಬ್ಬರೂ ತಪ್ಪೊಪ್ಪಿಗೆ ಮಾಡಿಕೊಳ್ಳಬೇಕಾಯಿತು. ಅವರು ಮೊದಲು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಸಂಗತಿ ಇಷ್ಟೇ. ಅತ್ತೆಯವರು ಗುಟ್ಟಾಗಿ ತಿನ್ನುತ್ತಿದ್ದರಿಂದ ಅಂಕಿ ಏರಿತ್ತು. ಅದನ್ನು ನೋಡಿ ಅವರು ಮಾತ್ರೆ ಹೆಚ್ಚಿಸಿದರು. ಆ ಜಾತಿಯ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಉಂಡದ್ದು ಕಡಿಮೆಯಾಯಿತೆಂದು ಅದು ತನ್ನ ಕೆಲಸ ಕಡಿಮೆ ಮಾಡುವುದಿಲ್ಲ. ನಾನು ಡಬ್ಬಿ ಕಸಿದುಕೊಂಡ ಮೇಲೆ ಅವರ ಹೊಟ್ಟೆಗೆ ಉಳಿದದ್ದು ನನ್ನ ಸೊಪ್ಪು, ದಿಂಡು, ಸಕ್ಕರೆಯಿಲ್ಲದ ಕಾಫಿ. ಎರಡು ಸುಳ್ಳುಗಳ ನಡುವೆ ಕೂತು ಆ ಮನುಷ್ಯ ಔಷಧಿ ಬರೆದಿದ್ದರು. ‘ನೀವು ಟೀಚರು. ಉತ್ತರಪತ್ರಿಕೆ ತಿದ್ದಿ ನನಗೆ ಕೊಟ್ಟರೆ ನಾನು ಅಂಕ ಹೇಗೆ ಹಾಕಲಿ?’ ಎಂದು ಕೇಳಿದರು. ಆಮೇಲೆ ಇನ್ನೊಂದು ಮಾತು ಹೇಳಿದರು, ಅದು ನನಗೆ ಗೊತ್ತೇ ಇರಲಿಲ್ಲ. ಈ ವಯಸ್ಸಿನವರಿಗೆ ಆ ಮೂರು ತಿಂಗಳ ಅಂಕಿ ಏಳರೊಳಗೇ ಇರಬೇಕೆಂಬ ಹಟ ಬೇಡ, ಎಂಟರ ಆಸುಪಾಸಿನಲ್ಲಿದ್ದರೆ ಸಾಕು. ಇವರಿಗೆ ಸಕ್ಕರೆ ಸ್ವಲ್ಪ ಏರುವುದಕ್ಕಿಂತ ಹೀಗೆ ದಿಢೀರನೆ ಕುಸಿಯುವುದೇ ಹೆಚ್ಚು ಅಪಾಯ ಎಂದರು. ನಾನು ಪ್ರಥಮ ದರ್ಜೆ ಬೇಕೆಂದು ಒದ್ದಾಡುತ್ತಿದ್ದೆ. ಪಾಸಾದರೆ ಸಾಕಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗಾಂಧೀಜಿಯವರ ಆತ್ಮಕಥೆಯ ಒಂದು ಪ್ರಸಂಗ ನೆನಪಿಗೆ ಬಂತು. ದಕ್ಷಿಣ ಆಫ್ರಿಕಾದಲ್ಲಿದ್ದಾಗ ಕಸ್ತೂರಬಾ ಅವರಿಗೆ ಶಸ್ತ್ರಚಿಕಿತ್ಸೆಯಾದ ಮೇಲೂ ರಕ್ತಸ್ರಾವ ಮರುಕಳಿಸುತ್ತದೆ. ಉಪ್ಪು ಮತ್ತು ಬೇಳೆಕಾಳು ಬಿಡು ಎಂದು ಗಾಂಧೀಜಿ ಒತ್ತಾಯ ಮಾಡುತ್ತಾರೆ. ಕಸ್ತೂರಬಾ ಒಪ್ಪುವುದಿಲ್ಲ, ನಿಮಗೇ ಯಾರಾದರೂ ಹೇಳಿದರೆ ನೀವೂ ಬಿಡಲಾರಿರಿ ಎಂದು ಸವಾಲು ಹಾಕುತ್ತಾರೆ. ಗಾಂಧೀಜಿ ಅಲ್ಲೇ, ಆ ಕ್ಷಣದಲ್ಲೇ, ನೀನು ಬಿಡು ಬಿಡದಿರು, ನಾನು ಒಂದು ವರ್ಷ ಎರಡನ್ನೂ ಬಿಟ್ಟೆ ಎನ್ನುತ್ತಾರೆ. ಕಸ್ತೂರಬಾ ಕಂಗಾಲಾಗಿ, ನಾನು ಬಿಡುತ್ತೇನೆ, ನಿಮ್ಮ ಮಾತು ಹಿಂತೆಗೆದುಕೊಳ್ಳಿ ಎಂದು ಬೇಡಿಕೊಳ್ಳುತ್ತಾರೆ. ಅವರು ಹಿಂತೆಗೆದುಕೊಳ್ಳುವುದಿಲ್ಲ. ಆಕೆ ಅತ್ತುಬಿಡುತ್ತಾರೆ. ಗಾಂಧೀಜಿ ಇದನ್ನು ಸತ್ಯಾಗ್ರಹವೆಂದು ಕರೆದು, ತಮ್ಮ ಬಾಳಿನ ಅತ್ಯಂತ ಮಧುರ ನೆನಪುಗಳಲ್ಲಿ ಒಂದೆಂದು ಹೇಳಿಕೊಂಡಿದ್ದಾರೆ.

ಈ ಪ್ರಸಂಗವನ್ನು ಅಕ್ಟೋಬರ್ 2ರಂದು ಮಕ್ಕಳಿಗೆ ನಾನು ಎಷ್ಟೋ ಸಲ ಹೇಳಿದ್ದೇನೆ. ತಾನು ಬಿಟ್ಟು ಇನ್ನೊಬ್ಬರಿಗೆ ಬಿಡಲು ಹೇಳಬೇಕು ಎನ್ನುವುದಕ್ಕೆ ಉದಾಹರಣೆಯಾಗಿ. ಆ ರಾತ್ರಿ ಮೊದಲ ಸಲ ಕಸ್ತೂರಬಾ ಕಡೆಯಿಂದ ಯೋಚಿಸಿದೆ. ಆ ನೆನಪು ಅವರಿಗೂ ಮಧುರವಾಗಿತ್ತೇ? ಗಾಂಧೀಜಿಯವರ ಪರವಾಗಿ ಒಂದು ಮಾತು ಹೇಳಲೇಬೇಕು. ಅವರು ಬಚ್ಚಿಟ್ಟು ಏನೂ ಮಾಡಲಿಲ್ಲ. ಹೆಂಡತಿಯ ತಟ್ಟೆಯಿಂದ ಉಪ್ಪನ್ನು ಕದಿಯಲಿಲ್ಲ. ಎದುರೆದುರು ಹೇಳಿದರು, ತಮ್ಮ ತಟ್ಟೆಯಿಂದ ಮೊದಲು ತೆಗೆದರು. ನಾನೋ, ಅತ್ತೆಯವರ ಬೆನ್ನ ಹಿಂದೆ ಬರಿಯ ಚಮಚ ಕಲಕಿ, ನನ್ನ ಲೋಟಕ್ಕೆ ಮಾತ್ರ ಎರಡು ಚಮಚ ಹಾಕಿಕೊಂಡು ಅಡಿಗೆಮನೆಯಲ್ಲೇ ನಿಂತು ಕುಡಿದು ಬರುತ್ತಿದ್ದೆ. ಬಲವಂತ ಎರಡರಲ್ಲೂ ಇರಬಹುದು. ಆದರೆ ಅಲ್ಲಿ ಕಸ್ತೂರಬಾಗೆ ಜಗಳ ಆಡಲು, ಅಳಲು ಒಂದು ಅವಕಾಶವಾದರೂ ಇತ್ತು. ನಾನು ಅತ್ತೆಯವರಿಗೆ ಅದನ್ನೂ ಕೊಟ್ಟಿರಲಿಲ್ಲ. ಸಕ್ಕರೆ ಬೇಡ ಎನ್ನಿಸಿಕೊಂಡವರಿಗೆ ಸಕ್ಕರೆಯ ನಷ್ಟ ಮಾತ್ರ. ಸಕ್ಕರೆ ಹಾಕಿದ್ದೇನೆ ಎಂದು ನಂಬಿಸಿಕೊಂಡವರು ತಮ್ಮ ನಾಲಿಗೆಯನ್ನೇ ಅನುಮಾನಿಸಬೇಕಾಗುತ್ತದೆ. ಕಾಫಿ ಕುಡಿದು ಅವರು ನನ್ನ ಮುಖ ನೋಡುತ್ತಿದ್ದುದರ ಅರ್ಥ ಆಗ ಹೊಳೆಯಿತು.

ಹಾಗಾದರೆ ಅವರ ದೇಹ, ಅವರ ಇಷ್ಟ ಎಂದು ಬಿಟ್ಟುಬಿಡಬೇಕಿತ್ತೇ? ಅದೂ ನನಗೆ ಒಪ್ಪಿಗೆಯಾಗುವುದಿಲ್ಲ. ದೇಹ ಅವರದು, ಗಾಯ ತೊಳೆಯುವ ಕೈ ನನ್ನದು. ಅವರು ಬಿದ್ದರೆ ರಜಾ ಚೀಟಿ ಬರೆಯುವವಳು ನಾನು. ಒಬ್ಬರ ಕಾಯಿಲೆಯಲ್ಲಿ ಇನ್ನೊಬ್ಬರ ದುಡಿಮೆ ಇಷ್ಟು ಬೆರೆತಿರುವಾಗ ‘ನನ್ನಿಷ್ಟ’ ಎಂಬ ಮಾತಿಗೂ ಒಂದು ಮೇರೆ ಇರಬೇಕಲ್ಲವೇ? ನಮ್ಮ ಮನೆಗಳಲ್ಲಿ ಅಡಿಗೆ ಮಾಡುವವಳಿಗೆ ಬೇರೆ ಅಧಿಕಾರ ಯಾವುದೂ ಇರುವುದಿಲ್ಲ. ಇರುವ ಒಂದೇ ಅಧಿಕಾರ ಯಾರ ಎಲೆಗೆ ಎಷ್ಟು ಎನ್ನುವುದು. ಅದು ಕೈಗೆ ಬಂದಾಗ ಎಲ್ಲರೂ ಒಂದಿಷ್ಟು ಹೆಚ್ಚೇ ಚಲಾಯಿಸುತ್ತೇವೆ. ಅತ್ತೆಯವರ ಅತ್ತೆ ಬೀಗದ ಕೈಯಿಂದ ಚಲಾಯಿಸಿದರು. ನಾನು ರಕ್ತ ಪರೀಕ್ಷೆಯ ಚೀಟಿಯಿಂದ. ಅವರದು ಜಿಪುಣತನ, ನನ್ನದು ಕಾಳಜಿ ಎಂದು ನಾನು ಹೇಳಬಹುದು. ಟ್ರಂಕಿನಲ್ಲಿ ಬಚ್ಚಿಡಬೇಕಾಗಿ ಬಂದವರಿಗೆ ಅದರಲ್ಲಿ ಏನು ವ್ಯತ್ಯಾಸ ಕಂಡೀತು?

ಮರುದಿನ ಬೆಳಿಗ್ಗೆ ಸಕ್ಕರೆ ಡಬ್ಬಿಯನ್ನು ಅಟ್ಟಣಿಗೆಯಿಂದ ಇಳಿಸಿ, ಚಮಚದ ಸಮೇತ ತೆಗೆದುಕೊಂಡು ಹೋಗಿ ಅತ್ತೆಯವರ ಮುಂದಿಟ್ಟೆ. ಎಂಟು ತಿಂಗಳ ಕಾಫಿಯ ಸಂಗತಿಯನ್ನು ವೈದ್ಯರ ಮುಂದೆ ಅರ್ಧಂಬರ್ಧ ಹೇಳಿದ್ದೆ, ಈಗ ಪೂರ್ತಿ ಹೇಳಿದೆ. ‘ಗೊತ್ತಿತ್ತು’ ಎಂದರು. ‘ಸಕ್ಕರೆ ಇದ್ದರೆ ಮೊದಲು ಕರಕರ ಅಂತದೆ, ಆಮೇಲೆ ಟಿಣ್ ಅಂತದೆ. ನಿಂದು ಮೊದಲಿಂದಲೂ ಟಿಣ್.’ ಮತ್ತೆ ಯಾಕೆ ಹೇಳಲಿಲ್ಲ ಎಂದರೆ, ‘ನೀನು ಶಾಲೆಗೆ ಹೋಗೋ ಗಡಿಬಿಡೀಲಿ ಅಷ್ಟು ಕಷ್ಟಪಟ್ಟು ಮೋಸ ಮಾಡ್ತಿದ್ದೆ. ಬ್ಯಾಡ ಅನ್ನೋಕೆ ಮನಸ್ಸು ಬರಲಿಲ್ಲ’ ಎಂದರು. ನನಗೆ ನಗು ಬಂತು, ಜತೆಗೇ ಬೇರೆ ಏನೋ.

ಮಾತ್ರೆ ಕಡಿಮೆಯಾಯಿತು. ದಿನಕ್ಕೆ ಎರಡು ಚಮಚ, ಅದು ಬೆಲ್ಲವೋ ಸಕ್ಕರೆಯೋ, ಕಾಫಿಗೋ ದೋಸೆಗೋ, ಅವರ ಲೆಕ್ಕ. ಡಬ್ಬಿ ಅವರ ಕೋಣೆಯ ಗೂಡಿನಲ್ಲಿ. ಸೊಪ್ಪು, ದಿಂಡು, ಹುರುಳಿ ನನ್ನ ಲೆಕ್ಕ. ತಂಗಳನ್ನು ನಾನು ಮತ್ತೆ ಅವರ ಮುಂದಿಟ್ಟಿಲ್ಲ. ಆದರೆ ಬೇಸಿಗೆಯಲ್ಲಿ ಒಂದು ದಿನ ಅವರೇ ಕೇಳಿ ಮಾಡಿಸಿಕೊಂಡರು, ಮಗನಿಗೂ ಒಂದು ಬಟ್ಟಲು ಹಾಕಿಸಿ ಎದುರಿಗೆ ಕೂರಿಸಿಕೊಂಡರು. ಅವನು ಮುಖ ಕಿವುಚಿ ಕುಡಿಯುವುದನ್ನು ನೋಡುತ್ತಾ ತಾವೂ ಕುಡಿದರು. ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. ಒಂದೊಂದು ದಿನ ಎರಡು ಚಮಚ ನಾಲ್ಕಾಗುತ್ತದೆ, ನನಗೆ ಗೊತ್ತಾಗುತ್ತದೆ, ಜಗಳವಾಗುತ್ತದೆ. ಕಳೆದ ಸಲದ ಅಂಕಿ 8.1. ಈಗಲೂ ಪ್ರತಿ ರಾತ್ರಿ ಮಲಗುವ ಮೊದಲು ದೀಪ ಹಿಡಿದು ಅವರ ಪಾದ ನೋಡುತ್ತೇನೆ.

ನಾನೂ ಯುಗಾದಿಯಿಂದ ಕಾಫಿಗೆ ಸಕ್ಕರೆ ಬಿಟ್ಟೆ. ಗಾಂಧೀಜಿಯವರ ಹಾಗೆ ಸಾರಿ ಹೇಳಲಿಲ್ಲ. ಆದರೂ ಮೂರನೆಯ ದಿನಕ್ಕೆ ಅತ್ತೆಯವರಿಗೆ ಗೊತ್ತಾಯಿತು, ನನ್ನ ಲೋಟದ ಸದ್ದಿನಿಂದಲೇ ಇರಬೇಕು. ‘ನನ್ನ ಬಾಯಿ ಕಟ್ಟಿದ್ದು ಸಾಲದು ಅಂತ ನಿನ್ನದೂ ಕಟ್ಟಿಕೊಂಡ್ಯಾ? ಅದನ್ನ ನೋಡ್ಕೊಂಡು ನಾನು ಹೆಂಗೆ ಕುಡಿಯಲಿ?’ ಎಂದು ಎರಡು ದಿನ ಮಾತು ಬಿಟ್ಟರು.

ಈ ವರ್ಷ ಜನವರಿಯಲ್ಲಿ ನಾದಿನಿಯ ಊರಿನ ಆಲೆಮನೆಗೆ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ಕೊಪ್ಪರಿಗೆಯ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕೂತರು. ಲೋಟದ ತುಂಬ ಕಬ್ಬಿನಹಾಲು ಬಂತು. ನಾನು ಬೇರೆ ಕಡೆ ನೋಡಿದೆ. ಅವರು ನಿಧಾನವಾಗಿ, ಕಣ್ಣು ಮುಚ್ಚಿಕೊಂಡು, ಅರ್ಧ ಕುಡಿದರು. ಆಮೇಲೆ ಸೆರಗಿನಿಂದ ಲೋಟದ ಅಂಚು ಒರೆಸಿ ನನ್ನ ಕಡೆ ಚಾಚಿದರು. ನಾನು ಬಿಟ್ಟಿದ್ದೇನೆ ಎಂದು ಗೊತ್ತಿದ್ದೂ.

‘ನನ್ನ ಅಳತೆ ಮುಗೀತು. ಇನ್ನರ್ಧ ಕುಡಿದರೆ ನಿನ್ನ ಕೈಲಿ ಬೈಸಿಕೊಳ್ಳಬೇಕು. ಚೆಲ್ಲೋಕೆ ಬರ್ತದಾ ಮಾರಾಯ್ತಿ?’ ಎಂದರು.

ಕುಡಿದೆ. ಶುಂಠಿ, ನಿಂಬೆಹಣ್ಣು ಹಿಂಡಿದ್ದರು.